ಕಂಬ ಸುತ್ತುತ್ತಿದ್ದ ಹುಡುಗಿ

ಸಾಯಿಮಾ ಹನ್ನೆರಡನೆಯ ಗೊಂಬೆಯನ್ನು ವಾರ್ನಿಶ್ ಡಬ್ಬಿಯಲ್ಲಿ ಅದ್ದಿ ಮೇಲೆತ್ತುವುದಕ್ಕೂ ಬೀದಿ ಬಾಗಿಲ ಚಿಲಕ ಸದ್ದು ಮಾಡುವುದಕ್ಕೂ ಸರಿಹೋಯಿತು. ಇಕ್ಕಳದ ತುದಿಯಲ್ಲಿದ್ದ ಬೆರಳುದ್ದದ ಹುಡುಗಿಯ ಮೈಯಿಂದ ಕಡುಕಂದು ವಾರ್ನಿಶ್ ಎಳೆಎಳೆಯಾಗಿ ಇಳಿದು ಡಬ್ಬಿ ಸೇರುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಪಕ್ಕದ ಮನೆಯವರು ಇರಬೇಕು, ಕೂಗಿ ಹೋಗುತ್ತಾರೆ ಅಂದುಕೊಂಡು ಗೊಂಬೆಯನ್ನು ಎರಡು ಮೂರು ಸಲ ಝಾಡಿಸಿದಳು.

"ಸಾಯಿಮಾ ಅದಾಳೇನ್ರಿ ಒಳಗೆ?"

ಇಕ್ಕಳ ಹಿಡಿದ ಕೈ ಅಲ್ಲೇ ನಿಂತಿತು. ಆ ದನಿ ಕೇಳಿ ಹನ್ನೊಂದು ವರ್ಷವಾಗಿತ್ತು. ಕೊನೆಯ ಸಲ ಕೇಳಿದ್ದು ಫೋನಿನಲ್ಲಿ.

ಭೀಮಕ್ಕ. ಕಾವ್ಯಶ್ರೀಯ ತಾಯಿ. ಇಕ್ಕಳದ ತುದಿಯಲ್ಲಿದ್ದದ್ದು ಕಾವ್ಯಶ್ರೀ.

ಸಾಯಿಮಾ ಗಡಿಯಾರ ನೋಡಿದಳು. ಎರಡಕ್ಕೆ ಹತ್ತು ನಿಮಿಷವಿತ್ತು. ಅವಳ ಅಬ್ಬ ನನ್ನೇಸಾಬ ಹೊನ್ನಾಳಿಯ ಸುತ್ತಮುತ್ತ ಬಾಗಿಲು, ಮಂಚ, ಬೀರುಗಳಿಗೆ ಪಾಲಿಶ್ ಹಾಕುವವನು. ಕೆತ್ತನೆಯ ಮೇಲೆ ವಾರ್ನಿಶ್ ಬಳಿದು ಒರೆಸಿದರೆ ಉಬ್ಬಿನ ಜಾಗ ತಿಳಿಯಾಗಿ, ತಗ್ಗಿನಲ್ಲಿ ಮಾತ್ರ ಕಪ್ಪು ನಿಂತು, ಮರದ ಹೂವಿಗೆ ನೆರಳು ಮೂಡುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಫೋಟೊ ನೋಡಿ ಪುಟ್ಟ ಗೊಂಬೆ ಮಾಡಿಕೊಡುವ ಕೆಲಸ ಶುರುಮಾಡಿದಾಗ ಅದೇ ಉಪಾಯ ಹಿಡಿದಳು. ಬಣ್ಣ ಬಳಿದ ಗೊಂಬೆಯನ್ನು ವಾರ್ನಿಶ್‌ನಲ್ಲಿ ಅದ್ದಿದರೆ ಲಂಗದ ನೆರಿಗೆಗೆ, ಜಡೆಯ ಹೆಣಿಗೆಗೆ, ಬೆರಳ ಸಂದಿಗೆ ತಾನಾಗಿ ನೆರಳು ಬೀಳುತ್ತದೆ. ಅದ್ದುವುದೇನು, ಒಂದು ಚಿಟಿಕೆಯ ಕೆಲಸ. ಕಷ್ಟವಿರುವುದು ಹೆಚ್ಚಾದದ್ದನ್ನು ತೆಗೆಯುವುದರಲ್ಲಿ. ಒಣ ಬ್ರಷ್ಷಿನ ತುದಿ ಮುಟ್ಟಿಸಬೇಕು, ಅದು ಹೀರಿಕೊಳ್ಳುತ್ತದೆ, ಬಟ್ಟೆಗೆ ಒರೆಸಬೇಕು, ಮತ್ತೆ ಮುಟ್ಟಿಸಬೇಕು. ಇಷ್ಟಕ್ಕೆ ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಆಮೇಲೆ ವಾರ್ನಿಶ್ ಅಂಟಾಗುತ್ತದೆ. ಅರ್ಧ ಗಂಟೆ ಕಳೆದರೆ ಕೆನೆ ಕಟ್ಟುತ್ತದೆ.

"ಸಾಯಿಮಾ?"

"ಬಂದೆ," ಎಂದಳು. ಗೊಂಬೆಯ ಪಾದದಲ್ಲಿದ್ದ ತಂತಿಯನ್ನು ಥರ್ಮೋಕೋಲಿಗೆ ಚುಚ್ಚಿ ನಿಲ್ಲಿಸಿ, ಕೆಲಸದ ಕೋಣೆಯ ಪರದೆ ಎಳೆದು ಹೊರಗೆ ಬಂದಳು.

ಭೀಮಕ್ಕ ಹೊಸ್ತಿಲ ಆಚೆ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಒಂದು ಬಟ್ಟೆ ಚೀಲ. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ, "ನಾನೇ ಕಣವ್ವ. ಗುರ್ತು ಸಿಕ್ತಾ?" ಎಂದಳು.

"ಬರ್ರಿ ಅಮ್ಮ. ಒಳಗೆ ಬರ್ರಿ, ಕುತ್ಕಳ್ರಿ."

"ನಿಮ್ಮಪ್ಪ ಇಲ್ವಾ?"

"ಅಬ್ಬ, ನಮ್ಮನೆಯವ್ರು ಇಬ್ರೂ ನ್ಯಾಮತಿಗೆ ಹೋಗ್ಯಾರೆ. ಹೊಸ ಮನೆ ಬಾಗಿಲು ಪಾಲಿಶ್ ಐತೆ."

ಭೀಮಕ್ಕ ಕುರ್ಚಿಯ ತುದಿಯಲ್ಲಿ ಕುಳಿತಳು. ಚೀಲವನ್ನು ಸಾಯಿಮಾಳ ಕಡೆ ಸರಿಸಿ, "ಹೊಲದ ಅವರೇಕಾಯಿ. ಸೊಗಡು ಚೆನ್ನಾಗೈತೆ," ಎಂದಳು. ಆಮೇಲೆ ಗೋಡೆಯ ಮೇಲಿದ್ದ, ಸಾಯಿಮಾಳ ತಾಯಿ ಸೈದಾಬೀಯ ಫೋಟೊ ಕಂಡು, "ನಿಮ್ಮವ್ವ ತೀರ್ಕಂಡಿದ್ದು ಗೊತ್ತಾತು. ಬರಾಕಾಗ್ಲಿಲ್ಲ," ಎಂದಳು.

ಸಾಯಿಮಾ ಚೀಲ ಎತ್ತಿ ಪಕ್ಕಕ್ಕಿಟ್ಟಳು. ಕಾವ್ಯಶ್ರೀ ತೀರಿಕೊಂಡಾಗ ಅವಳೂ ಹೋಗಿರಲಿಲ್ಲ.

ನಡುವೆ ಇದ್ದದ್ದು ಒಂದು ಫೋನ್ ಕರೆ. ಭೀಮಕ್ಕನ ಊರು ಕತ್ತಲಗೆರೆಯಲ್ಲಿ ನನ್ನೇಸಾಬ ಬಾಡಿಗೆ ಮನೆ ಮಾಡಿಕೊಂಡಿದ್ದ ಕಾಲದಲ್ಲಿ ಸಾಯಿಮಾ, ಕಾವ್ಯಶ್ರೀ ಒಂದೇ ಕ್ಲಾಸು, ಒಂದೇ ಬೆಂಚು, ಒಂದೇ ಖೋ ಖೋ ಟೀಮು. ಆಮೇಲೆ ಇವರು ಹೊನ್ನಾಳಿಗೆ ಬಂದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಜಗಳೂರಿನ ಕಡೆಯ ಗಂಡು ಗೊತ್ತಾಗಿ ಚಪ್ಪರಕ್ಕೆ ನಾಲ್ಕು ದಿನ ಇರುವಾಗ, ಕಾವ್ಯಶ್ರೀ ಒಂದು ಕೈಚೀಲ ಹಿಡಿದು ಈ ಮನೆಗೆ ಬಂದಿದ್ದಳು. ಎರಡು ವಾರ ಇರಲು ಬಿಡು, ಡಿಗ್ರಿ ಪರೀಕ್ಷೆ ಬರೆದುಬಿಡುತ್ತೇನೆ, ಯಾರಿಗೂ ಹೇಳಬೇಡ ಎಂದಿದ್ದಳು. ಸಾಯಿಮಾ ಅವಳ ಕೈಮೇಲೆ ಕೈಯಿಟ್ಟು ಹೇಳುವುದಿಲ್ಲ ಎಂದಿದ್ದಳು. ಮಾರನೆಯ ದಿನ ಮಧ್ಯಾಹ್ನ ಸೈದಾಬೀಯ ಮೊಬೈಲಿಗೆ ಭೀಮಕ್ಕನ ಫೋನ್ ಬಂತು. ಎತ್ತಿದ್ದು ಸಾಯಿಮಾ. "ನಿನ್ ಹತ್ರ ಬಂದಾಳೇನವ್ವ? ಬದುಕಿದಾಳೆ ಅಂತನಾದ್ರೂ ಹೇಳು," ಎಂದು ಆ ಕಡೆಯ ದನಿ ಅಳುತ್ತಿತ್ತು. ಸಾಯಿಮಾ ಹೂಂ ಎಂದುಬಿಟ್ಟಳು. ಎರಡು ಗಂಟೆಯೊಳಗೆ ಗಾಡಿ ಬಂತು. ಕಾವ್ಯಶ್ರೀ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳು ಅಪ್ಪ ಜುಂಜಪ್ಪನನ್ನು ಕಂಡು ಎದ್ದು, ಕೈ ತೊಳೆದುಕೊಂಡು, ಸಾಯಿಮಾಳನ್ನು ಒಮ್ಮೆ ನೋಡಿ ಹೊರಟುಹೋದಳು. ಮದುವೆಯಾಯಿತು. ಒಂದೂವರೆ ವರ್ಷಕ್ಕೆ, ಹೆರಿಗೆಯಲ್ಲಿ ರಕ್ತ ನಿಲ್ಲದೆ, ಮಗುವನ್ನು ಉಳಿಸಿ ಅವಳು ಹೋದಳು.

ಆ ನೋಟ ಮಾತ್ರ ಸಾಯಿಮಾಳಿಗೆ ಉಳಿಯಿತು. ನೀನೇ ಹೇಳಿದ್ದು ಎಂದಿತ್ತೋ, ಹೋಗಿ ಬರುತ್ತೇನೆ ಎಂದಿತ್ತೋ, ಅವಳಿಗೆ ಇಂದಿಗೂ ಗೊತ್ತಿರಲಿಲ್ಲ.

"ನೀರು ಕೊಡ್ತೀಯೇನವ್ವ?"

ಸಾಯಿಮಾ ಬೆಚ್ಚಿ ಎದ್ದಳು. ಎರಡು ಗಂಟೆಗೆ ಇನ್ನು ಮೂರು ನಿಮಿಷವಿತ್ತು. ಅಡುಗೆಮನೆಗೆ ಕೆಲಸದ ಕೋಣೆ ದಾಟಿಯೇ ಹೋಗಬೇಕು. ಪರದೆ ಸರಿಸಿ ಒಳಗೆ ಕಾಲಿಟ್ಟವಳು ಗೊಂಬೆಯನ್ನು ನೋಡಿದಳು. ಓಡುವ ಭಂಗಿಯಲ್ಲಿ ಮುಂದಕ್ಕೆ ಬಾಗಿದ ಗೊಂಬೆ ಅದು. ನೆತ್ತಿಯ ಮೇಲಿದ್ದದ್ದೆಲ್ಲ ಮುಖಕ್ಕೆ ಇಳಿಯುತ್ತಿತ್ತು. ಗಲ್ಲದ ತುದಿಯಲ್ಲಿ ದಪ್ಪ ಹನಿಯೊಂದು ತೂಗುತ್ತಿತ್ತು. ಅವಳು ಬ್ರಷ್ಷಿಗೆ ಕೈ ಹಾಕಿದಳು.

"ನಾನೂ ಬತ್ತೀನಿ ತಡಿ. ಒಬ್ಳೇ ಕುಂದ್ರಾಕೆ ಒಂಥರಾ ಆಗ್ತೈತೆ." ಹಿಂದೆಯೇ ಭೀಮಕ್ಕನ ಹೆಜ್ಜೆ.

ಬ್ರಷ್ ಅಲ್ಲೇ ಬಿತ್ತು. ಸಾಯಿಮಾ ಕೈಗೆ ಸಿಕ್ಕಿದ ರಟ್ಟಿನ ಡಬ್ಬವೊಂದನ್ನು ಥರ್ಮೋಕೋಲಿನ ಮುಂದೆ ಅಡ್ಡ ಇಟ್ಟು, "ಇಲ್ಲಿ ವಾಸನೆ ಅಮ್ಮ, ಈ ಕಡೆ ಬರ್ರಿ," ಎಂದು ಅಡುಗೆಮನೆಗೆ ನಡೆಸಿಕೊಂಡು ಹೋದಳು. ಮಗಳನ್ನು ಆ ಸ್ಥಿತಿಯಲ್ಲಿ ತಾಯಿ ನೋಡಬಾರದು. ನೀರು ಕುಡಿಸಿ, ಚಹಾ ಕೊಟ್ಟು, ಹೊರಗೆ ಕೂರಿಸಿ ಬಂದರೆ ಇನ್ನೂ ಸಮಯವಿದೆ ಎಂದು ಲೆಕ್ಕ ಹಾಕಿದಳು.

ಭೀಮಕ್ಕ ನೀರು ಕುಡಿಯಲಿಲ್ಲ. ಲೋಟ ಹಿಡಿದು ಅಡುಗೆಮನೆಯ ನಡುವೆ ನಿಂತು ಸುತ್ತ ನೋಡುತ್ತಿದ್ದಳು.

"ಅವತ್ತು ನಾನು ಗಾಡಿ ಇಳೀಲಿಲ್ಲ," ಎಂದಳು. "ಇಲ್ಲೇನಾ ಅವ್ಳು ಕುಂತಿದ್ದು?"

ಸಾಯಿಮಾ ಒಲೆ ಹಚ್ಚಲು ಕಡ್ಡಿ ಗೀರಿದಳು. ಹತ್ತಲಿಲ್ಲ. "ಅಲ್ಲಿ. ಕಿಟಕಿ ಕೆಳಗೆ."

ಭೀಮಕ್ಕ ಕಿಟಕಿಯ ಕೆಳಗಿನ ಜಾಗ ನೋಡಿದಳು. ಅಲ್ಲಿ ಈಗ ಗ್ಯಾಸಿನ ಸಿಲಿಂಡರ್ ಇತ್ತು. ಲೋಟ ಕೆಳಗಿಟ್ಟು ಅದರ ಪಕ್ಕ ನೆಲದ ಮೇಲೆ ಕುಳಿತಳು. ಸಾಯಿಮಾ ಇನ್ನೊಂದು ಕಡ್ಡಿ ಗೀರಿ ಒಲೆ ಹಚ್ಚಿದಳು. ಹಾಲು ಕಾಯಲು ಇಟ್ಟಳು. ಹಾಲು ಎಂದೂ ಅಷ್ಟು ನಿಧಾನ ಕಾದಿರಲಿಲ್ಲ. ಪರದೆಯ ಆಚೆ ವಾರ್ನಿಶ್ ಗಟ್ಟಿಯಾಗುತ್ತಿತ್ತು. ಆ ಮುಖಕ್ಕೆ ಮೂರು ದಿನ ಹಿಡಿದಿತ್ತು. ಎರಡು ಸಲ ಮಾಡಿ ಅಳಿಸಿ, ಮೂರನೆಯ ಸಲ ಸರಿ ಬಂದಿತ್ತು. ಉಳಿದ ಹನ್ನೊಂದು ನಿನ್ನೆಯೇ ಮುಗಿದು ಒಣಗಿದ್ದವು. ನಾಳೆ ಬೆಳಿಗ್ಗೆ ಏಳಕ್ಕೆ ವಿರೂಪಾಕ್ಷಪ್ಪ ಮೇಷ್ಟ್ರು ಗಾಜಿನ ಪೆಟ್ಟಿಗೆ ತೆಗೆದುಕೊಂಡು ಬರುತ್ತಾರೆ. ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು, ತಮ್ಮ ಕಾಲದಲ್ಲಿ ವಿಭಾಗ ಮಟ್ಟದಲ್ಲಿ ಗೆದ್ದ ಹುಡುಗಿಯರ ಟೀಮನ್ನು ಗೊಂಬೆಗಳಲ್ಲಿ ಮಾಡಿಸಿ ಶಾಲೆಗೆ ಕೊಡಬೇಕೆಂದು ಆಸೆಪಟ್ಟಿದ್ದರು. ಹತ್ತಕ್ಕೆ ಸಮಾರಂಭ. ಮುಖ ಕೆಟ್ಟರೆ ಮತ್ತೆ ಮಾಡಲು ವೇಳೆಯೇ ಇಲ್ಲ.

"ನಾಳೆ ಜನ ಸೇರ್ತಾರೆ," ಎಂದಳು ಭೀಮಕ್ಕ. "ಎಲ್ಲರ ಮುಂದೆ ಅವ್ಳ ಗೊಂಬೆ ನೋಡಿದ್ರೆ ನನ್ ಕೈಲಿ ತಡಕಳಾಕೆ ಆಗಲ್ಲ. ಅದಕ್ಕೇ ಇವತ್ತೇ ನೋಡ್ಕಂಡು ಹೋಗಾನ ಅಂತ ಬಂದೆ. ಮೇಷ್ಟ್ರಿಗೆ ಹೇಳ್ಬ್ಯಾಡ."

"ಇನ್ನೂ ಒಣಗಿಲ್ಲ ಅಮ್ಮ."

"ಹಸೀದೇ ತೋರ್ಸು. ಮುಟ್ಟಲ್ಲ." ಭೀಮಕ್ಕ ಮುಂದುವರಿಸಿದಳು. "ಜಗಳೂರಿಂದ ಮೊಮ್ಮಗಳನ್ನ ಕರ್ಕಂಡ್ ಬರ್ತಾರೆ ನಾಳೆ. ಒಂಬತ್ತು ತುಂಬ್ತು. ಅದಕ್ಕೆ ಅವ್ವನ ಮುಖ ಗೊತ್ತಿಲ್ಲ. ಮನ್ಯಾಗೆ ಇರಾದು ಮದ್ವೆ ಫೋಟೊ ಒಂದೇ. ಅದ್ರಾಗೆ ಪೌಡ್ರು ಬಳ್ದು ಬಾಸಿಂಗ ಕಟ್ಯಾರೆ. ನನಗೇ ಒಂದೊಂದ್ ಸಲ ಅದು ಅವ್ಳೇನಾ ಅನಿಸ್ತೈತೆ. 'ನಮ್ಮವ್ವ ಹೆಂಗೆ ಓಡ್ತಿದ್ಲಜ್ಜಿ' ಅಂತ ಫೋನಿನಾಗೆ ಕೇಳ್ತು. ಏನಂತ ಹೇಳ್ಲಿ? ನಾಳೆ ನೋಡಿವಂತೆ ಅಂದೀನಿ."

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಸಾಯಿಮಾ ಒಲೆ ಆರಿಸಿದಳು. ಗಡಿಯಾರದಲ್ಲಿ ಎರಡೂಕಾಲಾಗಿತ್ತು.

"ಅಮ್ಮ, ಒಂದು ಕೆಲಸ ಕೆಟ್ಟೈತೆ," ಎಂದಳು. "ಬರ್ರಿ."

ಪರದೆ ಸರಿಸಿ, ರಟ್ಟಿನ ಡಬ್ಬ ತೆಗೆದಳು. ಬೆಳಕು ಕಿಟಕಿಯಿಂದ ನೇರ ಬೀಳುತ್ತಿತ್ತು. ನೀಲಿ ಲಂಗ, ಬಿಳಿ ಅಂಗಿ, ಮಡಿಚಿ ಕಟ್ಟಿದ ಎರಡು ಜಡೆ, ಬರಿಗಾಲು. ಒಂದು ಕೈ ಕಂಬ ಹಿಡಿಯಲು ಮುಂದೆ ಚಾಚಿದೆ. ಹಣೆಯಿಂದ ಗಲ್ಲದವರೆಗೆ ಮಾತ್ರ ಕಪ್ಪಾದ ಒಂದು ಪದರ, ನುಣ್ಣಗೆ ಹೊಳೆಯುತ್ತಿತ್ತು.

ಭೀಮಕ್ಕ ಬಗ್ಗಿ ನೋಡಿದಳು.

"ಮುಖ ಎಲ್ಲಿ?" ಎಂದಳು.

"ಅಡೀಲಿ ಐತೆ. ಮೇಲೆ ಬಂದಿರಾದು ತೆಗೀಬೇಕು." ಸಾಯಿಮಾ ಆಗಲೇ ಕುಳಿತು ಒಣ ಬ್ರಷ್ಷಿನ ತುದಿಯನ್ನು ಗಲ್ಲಕ್ಕೆ ಮುಟ್ಟಿಸಿದ್ದಳು. ಕೂದಲು ಅಂಟಿಕೊಂಡಿತು. ಮೆಲ್ಲಗೆ ಎಳೆದಳು, ಪದರ ಸುಕ್ಕಾಗಿ ಸ್ವಲ್ಪ ಮೇಲೆದ್ದು ಮತ್ತೆ ಕುಳಿತಿತು. ಇನ್ನು ಬ್ರಷ್ಷಿನಿಂದ ಆಗುವುದಲ್ಲ. ವಾರ್ನಿಶ್ ಮಾತ್ರ ಕರಗಿಸುವ ಟರ್ಪೆಂಟೈನ್ ಬೇಕು. ಮೂಲೆಯ ಡಬ್ಬಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಟರ್ಪೆಂಟೈನ್ ಡಬ್ಬ ಇರಲಿಲ್ಲ. ಅಬ್ಬ ನ್ಯಾಮತಿಗೆ ತೆಗೆದುಕೊಂಡು ಹೋಗಿದ್ದಾನೆ. ಇದ್ದದ್ದು ಥಿನ್ನರ್ ಒಂದೇ. ಥಿನ್ನರ್ ಮುಟ್ಟಿಸಿದರೆ ವಾರ್ನಿಶ್ ಜೊತೆ ಕಣ್ಣು, ಹುಬ್ಬು, ಚರ್ಮದ ಬಣ್ಣ ಎಲ್ಲವೂ ಕರಗಿ ಇಳಿಯುತ್ತದೆ.

"ಅಂಗಡಿಗೆ ಓಡಿಹೋಗಿ ಬರ್ಲಾ?" ಎಂದು ತನ್ನನ್ನೇ ಕೇಳಿಕೊಂಡಳು. ಬಣ್ಣದಂಗಡಿ ಇರುವುದು ಬಸ್ ಸ್ಟ್ಯಾಂಡಿನ ಆಚೆ. ಹೋಗಿ ಬರಲು ಅರ್ಧ ಗಂಟೆ. ಆಗ ಪದರ ಪೂರ್ತಿ ಕೂತುಬಿಡುತ್ತದೆ.

"ಅದ್ರಾಗೆ ಏನೈತೆ?" ಭೀಮಕ್ಕ ಕಿಟಕಿಯ ಮೇಲಿನ ಗಾಜಿನ ಬಾಟಲಿ ತೋರಿಸಿದಳು.

ಬ್ರಷ್ ತೊಳೆಯುವ ಬಾಟಲಿ. ತಿಂಗಳ ಹಿಂದೆ ಹಾಕಿದ ಟರ್ಪೆಂಟೈನ್. ಬಣ್ಣದ ಬಗ್ಗಡವೆಲ್ಲ ತಳದಲ್ಲಿ ಕೂತಿತ್ತು. ಮೇಲೆ ಅರ್ಧ ಬೆರಳಿನಷ್ಟು ತಿಳಿ. ಸಾಯಿಮಾ ಬಾಟಲಿ ಎತ್ತಿಕೊಂಡಳು. ಎತ್ತಿದ ಅಲುಗಾಟಕ್ಕೇ ತಳದಿಂದ ಕಪ್ಪು ಹೊಗೆಯಂತೆ ಒಂದು ಎಳೆ ಮೇಲೇಳತೊಡಗಿತು.

"ಇಲ್ಲಿ ಕೊಡು," ಎಂದಳು ಭೀಮಕ್ಕ. "ತಿಳಿ ಬಸಿಯಾದು ನಂಗೆ ಬಿಡು."

ಬಾಟಲಿಯನ್ನು ಮೇಜಿನ ಮೇಲಿಟ್ಟು ಬಗ್ಗಡ ಮತ್ತೆ ಕೂರುವವರೆಗೆ ಕಾದಳು. ಸಾಯಿಮಾಳ ಕಣ್ಣು ಗಡಿಯಾರದ ಮೇಲಿತ್ತು. ಭೀಮಕ್ಕನಿಗೆ ಗಡಿಯಾರದ ಗೊಡವೆಯೇ ಇದ್ದಂತಿರಲಿಲ್ಲ. ಆಮೇಲೆ ಚಹಾದ ತಟ್ಟೆಯೊಂದನ್ನು ಎಡಗೈಯಲ್ಲಿ ಹಿಡಿದು, ಬಾಟಲಿಯನ್ನು ಇಷ್ಟಿಷ್ಟೇ ವಾಲಿಸಿದಳು. ತಿಳಿ ಮಾತ್ರ ತಟ್ಟೆಗೆ ಬಂತು. ಬಗ್ಗಡದ ಮೊದಲ ಎಳೆ ಬಾಯಿಯ ಹತ್ತಿರ ಬರುವಷ್ಟರಲ್ಲಿ ಬಾಟಲಿ ನೆಟ್ಟಗಾಯಿತು. ತಟ್ಟೆಯಲ್ಲಿ ಎರಡು ಚಮಚೆಯಷ್ಟು.

"ಸಾಕಾಗ್ತೈತಾ?"

"ಸಾಕಾಗ್ಬೇಕು."

ಥರ್ಮೋಕೋಲು ಹಗುರ, ಒತ್ತಿದರೆ ಗೊಂಬೆ ವಾಲುತ್ತಿತ್ತು. ಒಂದು ಕೈಗೆ ಭೂತಗನ್ನಡಿ ಬೇಕು, ಇನ್ನೊಂದಕ್ಕೆ ಹತ್ತಿಕಡ್ಡಿ. ಕೇಳುವ ಮೊದಲೇ ಭೀಮಕ್ಕ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕೈ ನೀಡಿದ್ದಳು. ಸಾಯಿಮಾ ತಂತಿಯನ್ನು ಕಿತ್ತು ಅವಳ ಬೆರಳುಗಳ ನಡುವೆ ಇಟ್ಟಳು. "ಬೆಳಕಿಗೆ ಹಿಡೀರಿ. ಅಲುಗಾಡಿಸ್ಬ್ಯಾಡ್ರಿ. ಗೊಂಬೆ ಮೈಗೆ ತಾಗಿದ್ರೆ ಬೆರಳು ಕಪ್ಪಾಗ್ತೈತೆ."

"ಆಗ್ಲಿ."

ಹತ್ತಿಕಡ್ಡಿಯನ್ನು ತಟ್ಟೆಯಲ್ಲಿ ಅದ್ದಿ, ಬಟ್ಟೆಗೆ ಒತ್ತಿ ಅರೆಹಸಿ ಮಾಡಿ, ಮೊದಲು ಗಲ್ಲದ ಕೆಳಗೆ ಇಟ್ಟಳು. ಉಜ್ಜಬಾರದು, ಸುಮ್ಮನೆ ಒತ್ತಿ ಹಿಡಿಯಬೇಕು, ಪದರ ಮೆತ್ತಗಾಗುವವರೆಗೆ ಕಾಯಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ ಕಡ್ಡಿ ಎತ್ತಿದಳು. ಹತ್ತಿ ಕಂದಾಗಿತ್ತು. ಗಲ್ಲದ ತುದಿಯಲ್ಲಿ ಸಾಸಿವೆಯಷ್ಟು ಜಾಗ ತಿಳಿಯಾಗಿತ್ತು. ಎರಡನೆಯ ಕಡ್ಡಿ. ಮೂರನೆಯದು. ನಾಲ್ಕನೆಯದನ್ನು ಎತ್ತಿದವಳು ಅದನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಹತ್ತಿಯ ಅಂಚಿನಲ್ಲಿ ಕಂದಿನ ಜೊತೆ ಗೋಧಿ ಬಣ್ಣದ ಗೆರೆಯೊಂದಿತ್ತು. ಚರ್ಮದ ಬಣ್ಣ ಬರುತ್ತಿತ್ತು.

"ಏನಾತು?"

"ಏನಿಲ್ಲ." ಹಸಿ ಹೆಚ್ಚಾಗಿತ್ತು. ಮುಂದಿನ ಕಡ್ಡಿಯನ್ನು ಬಟ್ಟೆಗೆ ಎರಡು ಸಲ ಒತ್ತಿದಳು.

ಬಾಯಿಯ ಸುತ್ತ ಬಿಟ್ಟು ಕೆನ್ನೆಗೆ ಹೋದಳು. ಆಮೇಲೆ ಹಣೆ. ಹೊರಗೆ ಯಾವುದೋ ಟ್ರ್ಯಾಕ್ಟರ್ ಹೋಯಿತು, ಮೇಜು ಅದುರಿತು. ಇಬ್ಬರೂ ಅದು ದೂರವಾಗುವವರೆಗೆ ಕೈ ನಿಲ್ಲಿಸಿ ಕಾದರು. ಭೀಮಕ್ಕನ ಕೈ ಮಾತ್ರ ಅಲುಗಲಿಲ್ಲ. ತಂತಿಯ ಮೇಲಿಂದ ಜಾರಿದ ವಾರ್ನಿಶ್ ಅವಳ ಹೆಬ್ಬೆರಳಿಗೆ, ಅಲ್ಲಿಂದ ಅಂಗೈಗೆ ಇಳಿದಿತ್ತು. ತಟ್ಟೆಯಲ್ಲಿ ಅರ್ಧ ಖಾಲಿಯಾಗಿತ್ತು.

ಕಣ್ಣಿಗೆ ಬಂದಾಗ ಸಾಯಿಮಾ ಕಡ್ಡಿ ಕೆಳಗಿಟ್ಟಳು. ಹತ್ತಿ ಅಲ್ಲಿಗೆ ದೊಡ್ಡದು. ಸೂಜಿಯ ತುದಿಗೆ ಹತ್ತಿಯ ನಾಲ್ಕು ನಾರು ಸುತ್ತಿ, ಅದನ್ನು ತಟ್ಟೆಗೆ ಮುಟ್ಟಿಸಿದಳು. ಸೂಜಿ ಮುಖದ ಹತ್ತಿರ ಹೋಯಿತು, ನಡುಗಿತು, ಹಿಂದೆ ಬಂತು. ಮತ್ತೆ ಹೋಯಿತು, ಹಿಂದೆ ಬಂತು.

"ನನ್ ಕೈಲಿ ಆಗಲ್ಲ ಅಮ್ಮ."

"ಯಾಕೆ?"

ಸಾಯಿಮಾ ಭೂತಗನ್ನಡಿ ಮೇಜಿನ ಮೇಲಿಟ್ಟಳು. ಎಷ್ಟೋ ವರ್ಷದಿಂದ ಬಾಯಲ್ಲಿ ಹಿಡಿದಿದ್ದದ್ದು ಈಗಲೇ ಹೊರಗೆ ಬಂತು. "ಅವತ್ತು ನಾನು ಇಲ್ಲ ಅಂದಿದ್ರೆ?"

ಭೀಮಕ್ಕ ಗೊಂಬೆಯನ್ನೇ ನೋಡುತ್ತಿದ್ದಳು.

"ನಂಬ್ತಿದ್ದೆ," ಎಂದಳು. "ನೀನು ಇಲ್ಲ ಅಂದಿದ್ರೆ ನಂಬಿ ಬ್ಯಾರೆ ಕಡೆ ಹುಡುಕ್ತಿದ್ವಿ. ಎರಡು ವಾರ ಹೋಗಿರಾದು. ಪರೀಕ್ಷೆ ಮುಗ್ದಿರಾದು. ಮದ್ವೆ ಮುರ್ದು ಬೀಳಾದು."

ಸಾಯಿಮಾ ತಲೆ ತಗ್ಗಿಸಿದಳು.

"ಗೆಳತೀರು ನಾಕು ಜನ ಇದ್ರು ಅವ್ಳಿಗೆ. ಉಳಿದೋರಿಗೆ ನಾನು ಫೋನೇ ಮಾಡ್ಲಿಲ್ಲ. ಅವ್ರು ಸುಳ್ಳು ಹೇಳಿದ್ರೂ ಹೇಳ್ತಾರೆ, ಈ ಹುಡುಗಿ ಹೇಳಲ್ಲ ಅಂತ ನಂಗೆ ಗೊತ್ತಿತ್ತು. ಅಳು ಬಂದಿತ್ತು ನಿಜ. ಆದ್ರೆ ಅತ್ರೆ ನೀನು ಕರಗ್ತೀಯ ಅನ್ನಾದೂ ತಿಳ್ದೇ ಅತ್ತೆ." ಭೀಮಕ್ಕನ ದನಿ ಏರಲಿಲ್ಲ, ಇಳಿಯಲಿಲ್ಲ. "ಅದನ್ನ ಯಾರ ಮುಂದೂ ಹೇಳಿಲ್ಲ ನಾನು. ನಮ್ಮೆಜಮಾನ್ರಿಗೂ."

ಕೋಣೆಯಲ್ಲಿ ವಾರ್ನಿಶ್ ವಾಸನೆ ದಟ್ಟವಾಗಿತ್ತು. ಸಾಯಿಮಾ ತಲೆ ಎತ್ತಿದಳು. ಕೇಳಬೇಕಾದದ್ದು ಇನ್ನೂ ಒಂದಿತ್ತು.

"ಅವ್ಳಿಗೆ ಗೊತ್ತಿತ್ತಾ? ನಾನು ಹೇಳಿದ್ದು?"

"ಗಾಡ್ಯಾಗೆ ಸಾಸ್ವೆಹಳ್ಳಿ ದಾಟಾತನಕ ಬಾಯಿ ಬಿಡ್ಲಿಲ್ಲ. ಆಮೇಲೆ ಕೇಳಿದ್ಲು, ಯಾರು ಹೇಳಿದ್ರು ಅಂತ. ಬಸ್ ಕಂಡಕ್ಟ್ರು ನಮ್ಮೂರೋನು, ನೀನು ಹೊನ್ನಾಳ್ಯಾಗೆ ಇಳಿದಿದ್ದು ನೋಡಿದ್ನಂತೆ ಅಂದೆ."

"ನಂಬಿದ್ಲಾ?"

"ಗೊತ್ತಿಲ್ಲವ್ವ." ಭೀಮಕ್ಕ ಮೊದಲ ಸಲ ಸಾಯಿಮಾಳ ಮುಖ ನೋಡಿದಳು. "ಹೂಂ ಅನ್ಲಿಲ್ಲ. ಊಹೂಂ ಅನ್ಲಿಲ್ಲ. ಕಿಟಕಿ ಕಡೆ ತಿರುಕ್ಕಂಡ್ಲು. ಆಮೇಲೆ ಯಾವತ್ತೂ ಅದ್ರ ಮಾತು ಎತ್ಲಿಲ್ಲ." ಬೆರಳ ನಡುವಿನ ತಂತಿಯನ್ನು ಬೆಳಕಿನ ಕಡೆ ಒಂದಿಷ್ಟು ತಿರುಗಿಸಿದಳು. "ಇದು ಒಣಗ್ತಾ ಐತೆ ನೋಡು."

ಸಾಯಿಮಾ ಕಣ್ಣು ಒರೆಸಿಕೊಂಡು ಸೂಜಿ ಎತ್ತಿಕೊಂಡಳು. ನಡುಕ ನಿಂತಿರಲಿಲ್ಲ. ಮೊಣಕೈಯನ್ನು ಮೇಜಿಗೂ, ಕಿರುಬೆರಳನ್ನು ಭೀಮಕ್ಕನ ಮಣಿಕಟ್ಟಿಗೂ ಆನಿಸಿದಳು. ಅಲ್ಲಿ ನಾಡಿ ಬಡಿಯುವುದು ಬೆರಳಿಗೆ ತಾಗುತ್ತಿತ್ತು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಸೂಜಿಯನ್ನು ಎಡಗಣ್ಣಿನ ಮೂಲೆಗೆ ಮುಟ್ಟಿಸಿದಳು. ಕಪ್ಪು ನಾರಿಗೆ ಏರಿತು. ಬಿಳಿ ಕಂಡಿತು, ಬಿಳಿಯ ನಡುವೆ ಚುಕ್ಕೆ. ಬಲಗಣ್ಣು. ಮೂಗಿನ ಪಕ್ಕ. ಹುಬ್ಬಿನ ಮೇಲೆ ಒಂದು ಕಡೆ ಬಣ್ಣ ತುಸು ಸವೆದಿತ್ತು. ಇರಲಿ ಎಂದು ಬಿಟ್ಟಳು. ತಟ್ಟೆಯಲ್ಲಿ ಇನ್ನು ಹನಿ ಲೆಕ್ಕ. ಅದನ್ನು ವಾಲಿಸಿ, ಕೊನೆಯ ತೇವವನ್ನು ನಾರಿಗೆ ಹೀರಿಸಿ ಬಾಯಿಗೆ ಬಂದಳು.

ಬಾಯಿಯ ಮೇಲೆ ಪದರ ದಪ್ಪವಿತ್ತು. ಕೆಳತುಟಿಯ ಅಂಚಿಗೆ ಸೂಜಿಯ ತುದಿ ತಾಗಿಸಿ ಕಾದಳು. ಹತ್ತು ಎಣಿಸಿದಳು. ಇನ್ನೂ ಹತ್ತು. ಅಂಚು ಸಡಿಲವಾಯಿತು. ಎಳೆದಾಗ ಪದರ ಹರಿಯದೆ ಒಂದೇ ತುಣುಕಾಗಿ, ಸಣ್ಣ ಸಿಪ್ಪೆಯಂತೆ ಎದ್ದು ಬಂತು.

ತುಟಿಯ ಎಡ ಮೂಲೆಯಲ್ಲಿ, ಹಲ್ಲುಗಳ ನಡುವೆ, ಅಕ್ಕಿನುಚ್ಚಿನಷ್ಟು ಕೆಂಪು ಇತ್ತು.

ಭೀಮಕ್ಕ ಬಾಗಿದಳು. ಭೂತಗನ್ನಡಿ ತಾನೇ ಎತ್ತಿಕೊಂಡು ನೋಡಿದಳು. ಅಷ್ಟು ಹೊತ್ತು ಕಲ್ಲಿನಂತಿದ್ದ ಅವಳ ಕೈ ಈಗ ಅಲುಗಿತು.

"ನಾಲಿಗೆ," ಎಂದಳು.

"ಓಡ್ತಾ ಕಂಬದ ಹತ್ರ ಬಂದಾಗ ಕಚ್ಕಳ್ತಿದ್ಲು."

"ಹೂಂ. ಹೂಂ. ನೀರು ಸೇದುವಾಗ್ಲೂ ಕಚ್ಕಳ್ತಿದ್ಲು. ನಾಲಿಗೆ ತುಂಡಾಗ್ತೈತೆ ಕಣೇ ಅಂತ ಬೈತಿದ್ದೆ." ಭೀಮಕ್ಕನ ಬಾಯಿ ಸೊಟ್ಟಗಾಯಿತು. "ಮರ್ತೇಹೋಗಿತ್ತಲ್ಲೇ ನಂಗೆ. ಹೆತ್ತೋಳಿಗೆ ಮರ್ತೇಹೋಗಿತ್ತು. ಯಾವ ಫೋಟೊದಾಗೈತೆ ಇದು?"

"ಯಾವುದ್ರಾಗೂ ಇಲ್ಲ."

ಗೊಂಬೆ ನೆಲಕ್ಕೆ ಬಿದ್ದೀತೆಂದು ಸಾಯಿಮಾ ಅವಳ ಕೈಯ ಕೆಳಗೆ ತನ್ನ ಕೈ ಹಿಡಿದಳು. ಭೀಮಕ್ಕ ಅಳುವಾಗ ಸದ್ದು ಮಾಡಲಿಲ್ಲ. ಗೊಂಬೆಯ ಮೇಲೆ ಕಣ್ಣೀರು ಬೀಳಬಾರದೆಂದು ಮುಖವನ್ನು ಪಕ್ಕಕ್ಕೆ, ಗೋಡೆಯ ಕ್ಯಾಲೆಂಡರಿನ ಕಡೆಗೆ ತಿರುಗಿಸಿಕೊಂಡಳು.

ಆಮೇಲೆ ಸಾಯಿಮಾ ತಂತಿಯನ್ನು ಮೆಲ್ಲಗೆ ಬಿಡಿಸಿಕೊಂಡು ಥರ್ಮೋಕೋಲಿಗೆ ಚುಚ್ಚಿದಳು. ಕಣ್ಣಿನ ಗುಳಿಯಲ್ಲಿ, ಗಲ್ಲದ ಕೆಳಗೆ, ಕಿವಿಯ ಹಿಂದೆ ತುಸು ಕಪ್ಪು ಉಳಿದಿತ್ತು. ಸೂಜಿಯನ್ನು ಅತ್ತ ಒಯ್ದವಳು ನಿಲ್ಲಿಸಿ ಕೆಳಗಿಟ್ಟಳು. ಇನ್ನು ತೆಗೆದರೆ ಮುಖ ಚಪ್ಪಟೆಯಾಗುತ್ತದೆ.

"ಉಳಿದೋರು?" ಎಂದಳು ಭೀಮಕ್ಕ ಮೂಗೊರೆಸಿಕೊಂಡು.

ಸಾಯಿಮಾ ಕಪಾಟಿನಿಂದ ಮರದ ಹಲಗೆ ತಂದು ತೋರಿಸಿದಳು. ಎರಡು ಕಂಬ, ನಡುವೆ ಎಂಟು ಚೌಕ, ಎಂಟು ಹುಡುಗಿಯರು ಒಬ್ಬಳು ಈ ಕಡೆ ಒಬ್ಬಳು ಆ ಕಡೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕುಳಿತಿದ್ದರು. ಒಬ್ಬಳು ಅಟ್ಟಿಸಿಕೊಂಡು ಬರುತ್ತಿದ್ದಳು, ಇಬ್ಬರು ಓಡುತ್ತಿದ್ದರು. ಒಂದು ಕಂಬದ ಪಕ್ಕದಲ್ಲಿ ಸಣ್ಣ ತೂತು ಖಾಲಿ ಇತ್ತು. ಭೀಮಕ್ಕ ಒಂದೊಂದೇ ಮುಖ ನೋಡುತ್ತಾ ಹೆಸರು ಹಿಡಿದಳು. ಪ್ರೇಮಲತಾ, ಹೌದಲ್ಲ? ಇವಳು ತಿಪ್ಪೇಶಪ್ಪನ ಮಗಳು. ಮೂರನೆಯ ಚೌಕದ ಹತ್ತಿರ ಬಂದು, "ಇದು ನೀನು," ಎಂದಳು. "ಸಣಕಲು ಇದ್ದೆ ಆಗ." ಸಾಯಿಮಾಳಿಗೆ ನಗು ಬಂತು. ಆಶ್ಚರ್ಯವಾಗಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಹಿತ್ತಲಲ್ಲಿ ಇನ್ನೂ ಬಿಸಿಲಿತ್ತು. ಭೀಮಕ್ಕನ ಬಲಗೈ ಮಣಿಕಟ್ಟಿನವರೆಗೆ ಕಂದಾಗಿತ್ತು. ಎಡಗೈಯ ಬೆರಳುಗಳಿಗೂ ಮೆತ್ತಿತ್ತು. ಸೋಪು ಹಚ್ಚಿ ತಿಕ್ಕಿದಳು, ಹೋಗಲಿಲ್ಲ. "ಸೋಪಿಗೆ ಹೋಗಲ್ಲ ಅಮ್ಮ, ತಡೀರಿ," ಎಂದು ಸಾಯಿಮಾ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಒಗೆಯುವ ಕಲ್ಲಿನ ಮೇಲೆ ಅವಳನ್ನು ಕೂರಿಸಿ, ಎದುರು ಕುಕ್ಕರಿಸಿ, ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಎಣ್ಣೆ ಹಾಕಿ ಒಂದೊಂದೇ ಬೆರಳನ್ನು ಬುಡದಿಂದ ತುದಿಗೆ ಉಜ್ಜಿದಳು. ಉಗುರಿನ ಸಂದಿಗಳಿಗೆ ಬಟ್ಟೆಯ ಚುಂಗು ಸುತ್ತಿ ಒರೆಸಿದಳು. ದುಡಿದು ದಪ್ಪಗಾದ ಕೈ. ಉಜ್ಜಲು ಹೊತ್ತು ಹಿಡಿಯಿತು.

ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಎರಡು ಸಲ ಕೇಳಿಸಿತು.

"ಚನ್ನಗಿರಿ ಬಸ್ಸು," ಎಂದಳು ಸಾಯಿಮಾ. "ಈಗ ಹೊರಟ್ರೆ ಸಿಗ್ತೈತೆ."

"ಇದ್ರ ಹಿಂದೆ ಇನ್ನೊಂದಿಲ್ವಾ?"

"ಆರೂಕಾಲಿಗೆ ಐತೆ."

ಭೀಮಕ್ಕ ಸ್ವಲ್ಪ ಯೋಚಿಸಿದಳು. ಆಮೇಲೆ ಕಲ್ಲಿನ ಮೇಲೆ ಸರಿಯಾಗಿ ಕುಳಿತು, ಇನ್ನೊಂದು ಕೈ ಮುಂದೆ ಚಾಚಿದಳು.